ಭಾವನ ಅಸಲಿ ಫೋಟೊ

ನಮ್ಮ ಭಾವನಿಗೆ ಕಣ್ಣಿನ ಕಾಯಿಲೆ! ಹೀಗೆಂದರೆ ಅಕ್ಕ ಸೌಟು ಎತ್ತಿಕೊಂಡು ಬರುತ್ತಾಳೆ. ಆದರೆ ಇದ್ದದ್ದನ್ನು ಹೇಳಬೇಕಲ್ಲ? ಊರಿನವರಿಗೆಲ್ಲ ಕಣ್ಣು ಕಾಣದ ಕಾಯಿಲೆ, ಈ ಮನುಷ್ಯನಿಗೆ ಜಾಸ್ತಿ ಕಾಣುವ ಕಾಯಿಲೆ.

ವಡೋದರಾದ ಅವರ ಮನೆಯಲ್ಲಿ ಮೂರು ಬಗೆಯ ಕಂಪ್ಯೂಟರ್. ಮೂರರಲ್ಲೂ ಒಂದೇ ವೆಬ್ ಪೇಜು. ಬ್ರೌಸರ್ ಅದನ್ನು ಸರಿಯಾಗಿ ತೋರಿಸುತ್ತದೋ ಇಲ್ಲವೋ ಎಂದು ಪೇಜಿನ ಫೋಟೊ ತೆಗೆದು, ಮೊದಲೇ ಇಟ್ಟುಕೊಂಡ ‘ಅಸಲಿ ಫೋಟೊ’ ಜೊತೆ ಚುಕ್ಕಿಗೆ ಚುಕ್ಕಿ ಹೋಲಿಸುವುದೇ ಅವರ ಕೆಲಸ. ಇದಕ್ಕೂ ಸಂಬಳ ಕೊಡುತ್ತಾರೆ! ನಾನು ಸೂರತ್ತಿನ ಹೋಟೆಲಿನಲ್ಲಿ ದೋಸೆ ಹುಯ್ಯುವವನು. ನನ್ನ ದೋಸೆ ದಿನಕ್ಕೊಂದು ಆಕಾರ, ಯಾರೂ ಕೇಳುವುದಿಲ್ಲ.

“ಪೇಜಲ್ಲಿ ತಪ್ಪಿಲ್ದಿದ್ರೂ ಫೋಟೊ ಬೇರೆ ಬರ್ತದೆ ಮಾರಾಯ. ಒಂದೊಂದು ಕಂಪ್ಯೂಟರ್ ಅಕ್ಷರದ ಅಂಚಿಗೆ ಅದರಿಷ್ಟದ ಕಾಡಿಗೆ ಹಚ್ತದೆ.”

ಅದಕ್ಕೆ ಭಾವ ಮಾಡಿದ್ದೇನು? ಅಕ್ಷರಗಳನ್ನೇ ಓಡಿಸಿ ಆ ಜಾಗದಲ್ಲಿ ಕಪ್ಪು ಚೌಕ ಕೂರಿಸಿದರು. ಚೌಕ ಎಲ್ಲ ಕಡೆಯೂ ಒಂದೇ!

“ಭಾವ, ಶಾಲೇಲಿ ನಂಗೆ ಪುಸ್ತಕ ಹೀಗೇ ಕಾಣ್ತಿತ್ತು,” ಎಂದೆ.

“ಹಾಗಾದ್ರೆ ನೀನು ಮೂರರಲ್ಲೂ ಪಾಸ್.”

ಪೇಜಿನಲ್ಲಿ ಮಿಣುಕುವುದು, ಓಡಾಡುವುದು ಎಲ್ಲ ನಿಂತ ಮೇಲೇ ಫೋಟೊ. “ಅಲ್ಲಾಡುವಾಗ ತೆಗ್ದದ್ದು ಸುಳ್ಳು ಹೇಳ್ತದೆ,” ಎನ್ನುತ್ತಾರೆ. ಬೇಕೆಂದೇ ಪೇಜು ಬದಲಾಯಿಸಿದರೆ? ಹಳೇ ಅಸಲಿ ಕಸಕ್ಕೆ, ಹೊಸದೇ ಅಸಲಿ.

ಒಮ್ಮೆ ನಮ್ಮ ಮನೆಗೆ ಬಂದು, ಸೂರತ್ತಿನಿಂದ ಸಂಜೆ ರೈಲು ಹತ್ತಿದ ಭಾವ ವಡೋದರಾದಲ್ಲಿ ಇಳಿಯಲೇ ಇಲ್ಲ. ಅಹಮದಾಬಾದಿನಿಂದ ಫೋನು! “ಒಂದು ಕಿಟಕಿ ಗಾಜು ನೀಲಿ, ಪಕ್ಕದ್ದು ಬಿಳಿ. ಹೊಲ ಒಂದೇ, ಸಂಜೆ ಎರಡು! ಯಾವುದು ನಿಜ ಅಂತ ನೋಡ್ತಾ ಕೂತೆ.” ಬೈಯಬೇಕೆಂದಿದ್ದೆ. ಆದರೆ ಆವತ್ತು ಕಾವಲಿಯ ಹೊಗೆಯಲ್ಲಿ ನನಗೂ ನೀಲಿ ಹೊಲವೇ ತೇಲಿತು. ಎರಡು ದೋಸೆ ಸೀದವು.

ಅಕ್ಕನ ಬಿಂದಿ ಎಳ್ಳಿನಷ್ಟು ಸರಿದರೂ ಭಾವ ಬಿಡುವುದಿಲ್ಲ. “ಎರಡು ಚುಕ್ಕಿ ಎಡಕ್ಕುಂಟು.”

“ನಿಮ್ಗೆ ಹೆಂಡತಿ ಬೇಕಾ, ಪೇಜು ಬೇಕಾ?”

“ಪೇಜು ತಿರುಗಿ ಬೈಯುದಿಲ್ಲ.”

ಹೀಗಿರುವಾಗ ಸೂರತ್ತಿನ ನಮ್ಮ ಮನೆಗೆ ಬಂದಿದ್ದ ಅಕ್ಕನ ಬಾಯಿಯ ಮೂಲೆಯಿಂದ ಒಂದು ಬೆಳಿಗ್ಗೆ ಚಾ ಸೋರಿತು. ಮುಖದ ಒಂದು ಪಕ್ಕ ಇಳಿದುಹೋಗಿತ್ತು. ನರದ ತೊಂದರೆ ಎಂದರು ಡಾಕ್ಟರು. ಔಷಧಿಯಿಂದ ಬಹಳಷ್ಟು ಸರಿಯಾಯಿತು, ನಗು ಮಾತ್ರ ಓರೆಯಾಗಿಯೇ ಉಳಿಯಿತು. ಇನ್ನು ಹೀಗೇ ಇರಬಹುದಂತೆ. ಅಕ್ಕ ಗಂಡನಿಗೆ ಬರೀ ಜ್ವರ ಎಂದಳು, ವೀಡಿಯೊ ಕರೆ ಬಂದರೆ ಎತ್ತಲಿಲ್ಲ.

“ಎಳ್ಳಿನಷ್ಟು ಬಿಂದಿ ಸರಿದ್ರೆ ಕಾಣುವವ್ರಿಗೆ ಇದು ಕಾಣುದಿಲ್ವಾ? ನಾನು ವಡೋದರಾಕ್ಕೆ ಹೋಗುದೇ ಇಲ್ಲ.”

ನಾನೇ ಫೋನು ಮಾಡಿ ಹೇಳಿಬಿಟ್ಟೆ. ಭಾವ ಸಿಕ್ಕಿದ ರೈಲಿಗೆ ಬಂದರು. ಈ ಸಲ ಸರಿಯಾದ ಸ್ಟೇಷನ್ನಿನಲ್ಲೇ ಇಳಿದಿದ್ದರು!

ಅಕ್ಕ ಮುಖಕ್ಕೆ ಸೆರಗು ಒತ್ತಿಕೊಂಡು ಅತ್ತಳು. ಭಾವ ಎದುರು ಕೂತು, ಮೊಬೈಲ್ ಹಿಡಿದು ಕಾದರು. ಕಿಟಕಿಯ ಬಿಸಿಲು ಗೋಡೆಯಿಂದ ನೆಲಕ್ಕೆ ಇಳಿಯಿತು.

“ಎಂತ ಕಾಯ್ತಿದ್ದೀರಿ?” ಅಕ್ಕ ಸೆರಗಿನೊಳಗಿನಿಂದಲೇ ಕೇಳಿದಳು.

“ಅಳು ನಿಲ್ಲಲಿ. ಅಲ್ಲಾಡುವಾಗ ತೆಗ್ದದ್ದು ಸುಳ್ಳು ಹೇಳ್ತದೆ.”

ಅಕ್ಕನಿಗೆ ನಗು ಬಂದೇಬಿಟ್ಟಿತು. ಸೆರಗು ಜಾರಿತು. ಓರೆ ನಗು. ಕ್ಲಿಕ್!

ಮೊಬೈಲಿನ ಪರದೆಯ ಮೇಲೆ ಇಷ್ಟು ವರ್ಷ ಇದ್ದ ಮದುವೆಯ ಫೋಟೊ ತೆಗೆದು, ಭಾವ ಇದನ್ನು ಹಾಕಿದರು.

“ಹಳೇದರ ಜೊತೆ ಹೋಲಿಸುದಿಲ್ವಾ?” ಅಕ್ಕ ಕೇಳಿದಳು.

“ಎಂತಕ್ಕೆ? ಇನ್ನು ಇದೇ ಅಸಲಿ,” ಎಂದವರು ಹತ್ತಿರ ಬಗ್ಗಿ ನೋಡಿದರು. “ಬಿಂದಿ ಮಾತ್ರ ಎರಡು ಚುಕ್ಕಿ ಎಡಕ್ಕುಂಟು.”