ಬೀರುವಿನಲ್ಲಿ ಮಲಗಿದ್ದ ಗಿಟಾರಿನ ಕುತ್ತಿಗೆ

ಹೆಮ್ಮೆಪಡಲು ಮನುಷ್ಯನಿಗೆ ದೊಡ್ಡ ಕಾರಣವೇ ಬೇಕೆಂದಿಲ್ಲ. ಕೆಲವರಿಗೆ ಮಕ್ಕಳ ಅಂಕಪಟ್ಟಿ, ಕೆಲವರಿಗೆ ಮಹಡಿ ಮನೆ, ನಮ್ಮ ಓಣಿಯಲ್ಲೊಬ್ಬರಿಗೆ ಅವರ ಮೀಸೆ. ನನ್ನ ಹೆಮ್ಮೆ ಒಂದೂವರೆ ಮೊಳದ ಒಂದು ಕಟ್ಟಿಗೆ. ನಾನು ಕಟ್ಟಿಗೆ ಎನ್ನಬಹುದು, ಬೇರೆಯವರು ಅಂದರೆ ಸಹಿಸುವುದಿಲ್ಲ. ಅದು ಬೇಸ್ ಗಿಟಾರಿನ ನೆಕ್. ಎಂದರೆ ತಂತಿಗಳ ಕೆಳಗೆ ಎಡಗೈ ಬೆರಳುಗಳು ಓಡಾಡುವ ಉದ್ದನೆಯ ಭಾಗ. ಅದೂ ಬಳಕೆಯಲ್ಲಿದ್ದುದಲ್ಲ, ಸ್ಪೇರ್.

ನಾನು ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಮದುವೆ ಸೀಸನ್ ಬಂತೆಂದರೆ ಸಂಜೆ ಹೊತ್ತು ಆರ್ಕೆಸ್ಟ್ರಾದಲ್ಲಿ, ಹಾಡಿನ ಅಡಿಗೆ ಮಂದ್ರ ಸ್ವರ ಹಿಡಿಯುವ ಬೇಸ್ ಗಿಟಾರ್ ನುಡಿಸುತ್ತೇನೆ. ಬೇಸ್ ನುಡಿಸುವವನ ಕಷ್ಟ ನಿಮಗೆ ಗೊತ್ತಿರಲಾರದು. ಹಾಡುವವರಿಗೆ ಚಪ್ಪಾಳೆ, ಡ್ರಮ್ ಬಾರಿಸುವವನಿಗೆ ಸಿಳ್ಳೆ. ನನ್ನ ಕಡೆ ನೋಡುವವರು ಫ್ಯಾನ್ ಎಲ್ಲಿದೆಯೆಂದು ಹುಡುಕುವವರು ಮಾತ್ರ. ಹರಿಹರದ ನನ್ನ ಮಾವನವರಂತೂ ಒಮ್ಮೆ ಇಡೀ ಕಾರ್ಯಕ್ರಮ ಕೇಳಿ, ‘ಅಳಿಯಂದ್ರೆ, ನಿಮ್ ಪಾಳಿ ಬರ್ಲೇ ಇಲ್ಲಲ್ರೀ’ ಎಂದು ಮರುಗಿದ್ದರು.

ತಂಡದಲ್ಲಿ ನನಗಿಂತ ಮೊದಲು ಬೇಸ್ ನುಡಿಸುತ್ತಿದ್ದ ಹಿರಿಯರು ಊರು ಬಿಡುವಾಗ ತಮ್ಮ ಹಳೆಯ ಗಿಟಾರನ್ನು ನನಗೆ ಕೊಟ್ಟು ಹೋದರು. ಅದರ ಒಡಲು ಬಿರುಕುಬಿಟ್ಟಿತ್ತು, ನೆಕ್ ಮಾತ್ರ ಬಾಣದಂತೆ ನೆಟ್ಟಗಿತ್ತು. ಅಳತೆ ನೋಡಿದರೆ ನನ್ನ ಗಿಟಾರಿಗೂ ಕೂಡುತ್ತಿತ್ತು. ಸ್ಪೇರ್ ಪಾರ್ಟ್ ಕಂಡರೆ ಸ್ಟೋರ್ ಕೀಪರನ ಕರುಳು ಸುಮ್ಮನಿರುತ್ತದೆಯೇ? ಸ್ಕ್ರೂ ಬಿಚ್ಚಿ ನೆಕ್ಕನ್ನಷ್ಟೇ ಎತ್ತಿಟ್ಟುಕೊಂಡೆ.

ಮರಕ್ಕೆ ಕಡಿದ ಮೇಲೂ ಜೀವವಿರುತ್ತದೆ. ಬಿಸಿಲಿಗೆ ಕುಗ್ಗುತ್ತದೆ, ತೇವಕ್ಕೆ ಹಿಗ್ಗುತ್ತದೆ, ಗೋಡೆಗೆ ಒರಗಿಸಿ ಬಿಟ್ಟರೆ ಬಾಗಿಯೇ ಬಿಡುತ್ತದೆ. ಹಾಗಾಗಿ ತಂತಿ ಬಿಚ್ಚಿ, ಒಳಗಿನ ಕಬ್ಬಿಣದ ಸಲಾಕೆಯನ್ನು ತುಸು ಸಡಿಲಿಸಿ, ಹತ್ತಿಬಟ್ಟೆ ಸುತ್ತಿ, ಉದ್ದಕ್ಕೂ ಆಸರೆ ಸಿಗುವಂತೆ ಮಲಗಿಸಬೇಕು. ಎಲ್ಲಿ ಮಲಗಿಸುವುದು? ದಾವಣಗೆರೆಯ ಬೇಸಿಗೆಯಲ್ಲಿ ನಮ್ಮ ಅಟ್ಟದ ಮೇಲೆ ಹಪ್ಪಳ ಒಣಗಿಸಬಹುದು. ಅಡುಗೆಮನೆ ಪಕ್ಕ ಹಬೆ. ಮಂಚದ ಕೆಳಗೆ ನೆಲ ಒರೆಸುವ ನೀರು. ಉಳಿದದ್ದು ನನ್ನ ಹೆಂಡತಿ ಶೈಲಳ ಬೀರು, ಅದರಲ್ಲೂ ರೇಷ್ಮೆ ಸೀರೆಯ ಖಾನೆ.

‘ಏನ್ರೀ, ನನ್ ಸೀರೆ ಎಲ್ಲಿಡಾಣ?’ ಎಂದಳು ಶೈಲ.

‘ಸೀರೆ ಮಡಚಬೋದು, ಇದನ್ನ ಮಡಚಾಕ ಬರಲ್ಲ’ ಎಂದೆ.

ಶೈಲ ರೇಷ್ಮೆ ಸೀರೆಗಳನ್ನೆಲ್ಲ ಎತ್ತಿ ಮೇಲಿನ ಖಾನೆಗೆ ತುರುಕಿದಳು. ಆಮೇಲೆ ತನ್ನದೇ ಒಂದು ಹಳೆಯ ನೂಲಿನ ಸೀರೆ ತಂದು ಮುಂದಿಟ್ಟು, ‘ತಗಳ್ರಿ, ಆ ಕುತ್ತಿಗೆಗೆ ಸುತ್ತ್ರಿ’ ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಕುತ್ತಿಗೆ ಎಂದೇ ಹೆಸರಾಯಿತು. ಅಮಾವಾಸ್ಯೆಗೊಮ್ಮೆ ಹೊರತೆಗೆದು, ಕಣ್ಣಿನ ಮಟ್ಟಕ್ಕೆ ಹಿಡಿದು, ನೆಟ್ಟಗಿದೆಯೇ ಎಂದು ನೋಡಿ ಮತ್ತೆ ಮಲಗಿಸುತ್ತಿದ್ದೆ. ಮಳೆಗಾಲದಲ್ಲಿ ಪಕ್ಕಕ್ಕೆ ತೇವ ಹೀರುವ ಪೊಟ್ಟಣಗಳು. ಊರ ತುಂಬ ಬಾಣಂತನ ಮಾಡಿ ಪಳಗಿದ ನಮ್ಮವ್ವ, ‘ಅದಕ್ಕಿಷ್ಟು ಹರಳೆಣ್ಣೆ ಹಚ್ಚಲೇನಪ್ಪ?’ ಎಂದು ಕೇಳಿದ್ದೂ ಉಂಟು.

ಹೀಗೆ ವರ್ಷಗಳೇ ಕಳೆದವು. ಹರಿಹರದಲ್ಲಿ ಶೈಲಳ ತಂಗಿಯ ಮದುವೆ. ಆರತಕ್ಷತೆಗೆ ನಮ್ಮದೇ ಆರ್ಕೆಸ್ಟ್ರಾ. ಮಧ್ಯಾಹ್ನ ವೇದಿಕೆಯಲ್ಲಿ ಹೂವಿನ ಕಮಾನು ನಿಲ್ಲಿಸುವಾಗ ಕಂಬವೊಂದು ಜಾರಿ ನನ್ನ ಗಿಟಾರಿನ ಮೇಲೆ ಬಿತ್ತು. ನೆಕ್ ಕಬ್ಬಿನ ಜಲ್ಲೆಯಂತೆ ಲಟಕ್ಕನೆ ಮುರಿಯಿತು. ಬೇರೆ ಗಿಟಾರ್ ತರಿಸೋಣವೆಂದರೆ ಮದುವೆ ಸೀಸನ್ನು, ನುಡಿಸುವವರೆಲ್ಲ ಒಂದೊಂದು ಊರಿನ ಛತ್ರದಲ್ಲಿ. ದಾವಣಗೆರೆಯಿಂದ ಸಂಜೆ ಬಸ್ಸಿಗೆ ಹೊರಡಲಿದ್ದ ಅವ್ವನಿಗೆ ಫೋನ್ ಮಾಡಿ, ಬೀರುವಿನಿಂದ ಕುತ್ತಿಗೆ ತರಲು ಹೇಳಿದೆ.

ಅವ್ವ ಬರುವಷ್ಟರಲ್ಲಿ ಹಾಡು ಶುರುವಾಗಿಬಿಟ್ಟಿತು. ನಾನು ವೇದಿಕೆಯ ಪಕ್ಕದಲ್ಲಿ ಮುರಿದ ಗಿಟಾರ್ ಹಿಡಿದು ಕೂತಿದ್ದೆ. ಮಾವನವರು ಹುಡುಕಿಕೊಂಡು ಬಂದರು.

‘ಅಳಿಯಂದ್ರೆ, ಇವತ್ತು ಹಾಡು ಯಾಕ ಹಿಂಗೈತೆ? ಉಪ್ಪಿಲ್ಲದ ಸಾರಿದ್ದಂಗೈತಲ್ರೀ.’

ಅಳಬೇಕಾದ ಹೊತ್ತಿನಲ್ಲಿ ನನ್ನ ಎದೆ ಉಬ್ಬಿತು. ಆ ಉಪ್ಪು ನಾನೇ ಎಂದು ಹೇಳುವಷ್ಟರಲ್ಲಿ, ಸೀರೆ ಸುತ್ತಿದ ಗಂಟನ್ನು ಕೂಸಿನಂತೆ ಅವಚಿಕೊಂಡು ಅವ್ವ ಬಂದಳು. ಬಸ್ಸಿನಲ್ಲಿ ಕಂಡಕ್ಟರ್, ‘ಏನಜ್ಜಿ ಅದು?’ ಎಂದು ಕೇಳಿದನಂತೆ. ‘ನನ್ ಮಗನ ಕುತ್ತಿಗೆ ಕಣಪ್ಪ’ ಎಂದಳಂತೆ ಅವ್ವ. ಪಕ್ಕದ ಸೀಟಿನವರು ಎದ್ದು ಹಿಂದಕ್ಕೆ ಹೋದರಂತೆ. ‘ಒಳ್ಳೇದಾತು ಬಿಡು, ಸೀಟಿನ ಮ್ಯಾಲೆ ಉದ್ದುಕ ಮಲಗಿಸ್ಕೊಂಡು ಬಂದೆ’ ಎಂದಳು.

ಸ್ಕ್ರೂ ಬಿಗಿದೆ, ತಂತಿ ಏರಿಸಿದೆ, ಸಲಾಕೆ ಹದಮಾಡಿ ಕಣ್ಣಿನ ಮಟ್ಟಕ್ಕೆ ಹಿಡಿದೆ. ಕೂದಲೆಳೆಯಷ್ಟೂ ಬಾಗಿರಲಿಲ್ಲ! ವೇದಿಕೆ ಹತ್ತಿ ಮೊದಲ ಸ್ವರ ನುಡಿಸಿದಾಗ ಕುರ್ಚಿಗಳೇ ಗುಂಯ್ ಎಂದವು. ಮುಂದಿನ ಸಾಲಿನಲ್ಲಿ ಕೂತ ಮಾವನವರು ಹಾಡುವವರನ್ನು ಬಿಟ್ಟು ನನ್ನ ಬೆರಳನ್ನೇ ನೋಡುತ್ತ ತೊಡೆ ತಟ್ಟುತ್ತಿದ್ದರು. ಊಟದ ಪಂಕ್ತಿಯಲ್ಲಿ ಬೀಗರಿಗೆಲ್ಲ ಕುತ್ತಿಗೆಯ ಕಥೆ ಹೇಳಿ, ‘ನಮ್ ಅಳಿಯಂದ್ರು ಇಟ್ರೆ ಒಂದು ವಸ್ತೂ ಕೆಡಂಗಿಲ್ಲ ನೋಡ್ರಿ’ ಎಂದು ಸಾರಿದರು. ಆ ಮಾತು ಹೋಳಿಗೆಗಿಂತ ಸಿಹಿಯಾಗಿತ್ತು.

ಮುಂದಿನ ವಾರ ಮಾವನವರೇ ಗೂಡ್ಸ್ ಆಟೋದಲ್ಲಿ ಬಂದಿಳಿದರು, ಜೊತೆಗೆ ಅವರ ತಾತನ ಕಾಲದ ತೊಟ್ಟಿಲು. ‘ನಿಮ್ ಹತ್ರ ಇದ್ರೆ ಭದ್ರ ಐತೆ’ ಎಂದರು. ಆಮೇಲೆ ಹೊಸ ಬೀಗರ ಹಾರ್ಮೋನಿಯಂ ಬಂತು, ಗುತ್ತೂರಿನಲ್ಲಿರುವ ಶೈಲಳ ಚಿಕ್ಕಮ್ಮನ ನಿಲುವುಗನ್ನಡಿ ಬಂತು. ಶೈಲ ಕಣ್ಣು ಬಿಟ್ಟು ನೋಡುತ್ತಾಳೆ. ಹೊಗಳಿ ಕೊಟ್ಟದ್ದನ್ನು ಬೇಡ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಎಲ್ಲವೂ ನಮ್ಮ ಮಲಗುವ ಕೋಣೆಯಲ್ಲಿ ಬಿಸಿಲು ತಾಗದಂತೆ, ಧೂಳು ಕೂರದಂತೆ ಸುಖವಾಗಿವೆ. ಅವುಗಳ ನಡುವೆ ಜಾಗ ಸಾಲದೆ ನಾನೊಬ್ಬ ಹಜಾರದಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದೇನೆ.