ಬೋರಣ್ಣನ ‘ದೇ’ ಯಂತ್ರ

“ನೋಡಕ್ಕ, ಇನ್ನು ಈ ಭೂಮಂಡಲದಲ್ಲಿ ಯಾರಿಗೂ ಅವಮಾನ ಆಗಲ್ಲ!” ಎಂದು ಬೋರಣ್ಣ ಬೆಡ್‌ಶೀಟನ್ನು ಸರ್ರನೆ ಎಳೆದ.

ಅಡಿಯಲ್ಲಿದ್ದುದನ್ನು ಕಂಡು ಪುಟ್ಟತಾಯಮ್ಮನ ಹೊಟ್ಟೆ ಉರಿಯಿತು. ಹೋದ ತಿಂಗಳು ಕಾಣೆಯಾಗಿದ್ದ ಇಡ್ಲಿ ಪಾತ್ರೆ ಅದರ ತಲೆಯಾಗಿತ್ತು! ಟೇಬಲ್ ಫ್ಯಾನಿನ ಕತ್ತು, ಹೊಲಿಗೆ ಮೆಷೀನಿನ ಕಾಲು, ಎರಡು ತಗಡಿನ ಕೈ, ಹೊಟ್ಟೆಯಲ್ಲೊಂದು ಮೈಕು.

ಬೋರಣ್ಣ ಅವಳ ತಮ್ಮ. ಕೊಳ್ಳೇಗಾಲದಲ್ಲಿ ಮಿಕ್ಸಿ ರಿಪೇರಿ ಅಂಗಡಿ ಇಟ್ಟಿದ್ದ. ಅಲ್ಲಿಗೆ ಹೋದ ಮಿಕ್ಸಿ ಮಿಕ್ಸಿಯಾಗಿಯೇ ವಾಪಸು ಬಂದದ್ದು ಕಡಿಮೆ.

“ಇವತ್ತೇ ಬೇಕಿತ್ತೇನೋ ನಿನಗೆ? ಗಂಡಿನ ಕಡೆಯವರು ಬರೋ ಹೊತ್ತು!”

ಪುಟ್ಟತಾಯಮ್ಮನ ಮಗಳು ಇಂದುಮತಿಗೆ ಕರೆಂಟ್ ಆಫೀಸಿನಲ್ಲಿ ಕಂಬ ಹತ್ತುವ ಕೆಲಸ. ಹುಡುಗ ಮಾದೇಶ ಡ್ರಾಯಿಂಗ್ ಮೇಷ್ಟ್ರು, ಇಂದುವಿಗೆ ಹಿಡಿಸಿದ್ದ. ತೊಡಕು ಅವನ ಅಪ್ಪ ಮರಿಗೌಡರದು. ಮದುವೆಯಾದ ಮೇಲೆ ಸೊಸೆ ಕೆಲಸ ಬಿಡಬೇಕು ಎಂದು ಮೊದಲೇ ಹೇಳಿ ಕಳಿಸಿದ್ದರು. “ಗಂಡು ಬೇಕಾದರೆ ಬಿಟ್ಟೇನು, ಕಂಬ ಬಿಡಲ್ಲ” ಎನ್ನುತ್ತಿದ್ದಳು ಮಗಳು.

“ಅದಕ್ಕೇ ಕಣಕ್ಕ ಇದು!” ಎಂದ ಬೋರಣ್ಣ. “ಹುಡುಗನ ಅತ್ತಿಗೆ ರೆಮಿ ಮಿಜೋರಾಮಿನವರು. ಅವರಿಗೆ ಕನ್ನಡ ಬರಲ್ಲ. ಹೋದ ವಾರ ನಾನು ಅವರಿಗೆ ಮರಿಗೌಡರನ್ನ ತೋರಿಸಿ ‘ಶೀ ಈಸ್ ವೆರಿ ಗುಡ್’ ಅಂದುಬಿಟ್ಟೆ.”

“ಅಯ್ಯೋ ನಿನ್ನ! ಅಂಥಾ ಮೀಸೆಯೋರನ್ನ?”

“ಯಾರಿಗೆ ಹೀ, ಯಾರಿಗೆ ಶೀ, ಜೀವಮಾನದಲ್ಲಿ ನನಗೆ ಹತ್ತಲಿಲ್ಲ. ಈಗ ಇಂಗ್ಲಿಷಿನೋರೇ ಗಂಡಾಗಲಿ ಹೆಣ್ಣಾಗಲಿ ಒಬ್ಬರಿಗೂ ‘ದೇ’ ಅನ್ನಬಹುದು ಅಂತಾರಂತೆ. ನಾವು ಅಪ್ಪನಿಗೂ ಅತ್ತೆಗೂ ‘ಅವರು’ ಅನ್ನಲ್ವಾ, ಹಾಗೆ! ಇದು ನಮ್ಮ ಮಾತನ್ನ ರೆಮಿಯವರಿಗೆ ಇಂಗ್ಲಿಷಿನಲ್ಲಿ ಹೇಳುತ್ತೆ, ಬಂದೋರಿಗೆಲ್ಲ ಉಪಚಾರ ಮಾಡುತ್ತೆ. ಹೀ, ಶೀ ಮರೆಯಲಿ ಅಂತ ಗಂಡು ಹೆಣ್ಣು ಗುರುತಿಸೋ ಸರ್ಕ್ಯೂಟ್ ಪ್ಲೇಟನ್ನೇ ಕಿತ್ತು ಬಿಸಾಕಿದೀನಿ!”

ಹೊರಗೆ ಕಾರು ನಿಂತಿತು. ಮರಿಗೌಡರು ಮೀಸೆ ತೀಡುತ್ತ ಬಂದು ಕುರ್ಚಿಯಲ್ಲಿ ಕೂತರು, ಪಕ್ಕದಲ್ಲಿ ಮಾದೇಶ, ಆಚೆಗೆ ರೆಮಿ. ಯಂತ್ರ ಗರಗರ ತಿರುಗಿ ಗೌಡರ ಹಣೆಗೆ ಕುಂಕುಮ ಇಟ್ಟಿತು. ಇನ್ನೊಂದು ಕೈಯಲ್ಲಿ ಒಂದು ಮೊಳ ಮಲ್ಲಿಗೆಯನ್ನು ಅವರ ಬೋಳು ತಲೆಗೆ ಮುಡಿಸಲು ಹೊರಟು, ಸಿಕ್ಕಿಸಲು ಕೂದಲಿಲ್ಲದೆ, ಕಿವಿಗೆ ಸುತ್ತಿತು!

“ಏನ್ರೀ ಇದು!” ಗೌಡರು ಎಗರಿಬಿದ್ದರು.

“ಉಪಚಾರ ಬೀಗರೇ, ಉಪಚಾರ,” ಎಂದು ಪುಟ್ಟತಾಯಮ್ಮ ತಮ್ಮನ ಕಾಲನ್ನು ತುಳಿದಳು.

ಇಂದು ಕಾಫಿ ತಟ್ಟೆ ಹಿಡಿದು ಬಂದಳು. ಯಂತ್ರ ತಟ್ಟೆ ಕಸಿದು ಮಾದೇಶನ ಕೈಗಿಟ್ಟು “ಹಂಚಿ” ಎಂದಿತು. ಅವನು ಹೆದರಿ ಹಂಚಿದ. ಗೌಡರು ಗಂಟಲು ಸರಿಮಾಡಿಕೊಂಡು, “ಹುಡುಗಿ ನಾಲ್ಕು ಹೆಜ್ಜೆ ನಡೆದು ತೋರಿಸಲಿ” ಎಂದರು. ಇಡ್ಲಿ ಪಾತ್ರೆ ಅತ್ತ ಇತ್ತ ತಿರುಗಿತು. ಹುಡುಗಿ ಯಾರು, ಹುಡುಗ ಯಾರು, ಪಾಪ ಅದಕ್ಕೇನು ಗೊತ್ತು! ತಟ್ಟೆ ಹಿಡಿದವನ ಬೆನ್ನಿಗೆ ಕೈಯಿಟ್ಟು ತಳ್ಳಿತು. ಮಾದೇಶ ನಡೆದ.

“ಕಾಲು ಸರಿಯಾಗಿದೆ ಮಾವ,” ಎಂದಳು ಇಂದು ಬೋರಣ್ಣನಿಗೆ, ಗಂಭೀರವಾಗಿ.

“ಹಾಡೋಕೆ ಬರುತ್ತಾ ಅಂತ ನಾನು ಹುಡುಗೀನ ಕೇಳಬೇಕು ಅಂತಿದ್ದೆ...” ಗೌಡರು ಮುಗಿಸುವುದರೊಳಗೆ ಮಾದೇಶ ಕಣ್ಣು ಮುಚ್ಚಿ ಸ್ಕೂಲಿನ ಪ್ರಾರ್ಥನೆ ಶುರುಮಾಡಿದ. ಯಂತ್ರ ಅದನ್ನೂ ಇಂಗ್ಲಿಷಿಗೆ ತಿರುಗಿಸಿತು. ರೆಮಿ ಸೀರೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.

ಗೌಡರ ತಾಳ್ಮೆ ಹರಿಯಿತು. “ಸಾಕು! ಮದುವೆಯಾದ ಮೇಲೆ ಕೆಲಸ ಬಿಡಬೇಕು. ಒಪ್ಪಿಗೆಯೋ ಇಲ್ಲವೋ?”

ಯಂತ್ರ ಹೊಟ್ಟೆಯ ಮೈಕನ್ನು ಎಳೆದು ಮಾದೇಶನ ಮುಖಕ್ಕೆ ಹಿಡಿಯಿತು. “ಮದುವೆಯಾದವರು ಕೆಲಸ ಬಿಡಬೇಕು. ಒಪ್ಪಿಗೆಯಾ?”

“ನಾ... ನಾನ್ಯಾಕೆ ಬಿಡಬೇಕು?” ಎಂದ ಮಾದೇಶ. “ಅಷ್ಟು ಕಷ್ಟಪಟ್ಟು ಸೇರಿದೀನಿ!” ಅಂದವನೇ ಇಂದುವಿನ ಕಡೆ ನೋಡಿ, ಕಿವಿಯವರೆಗೂ ಕೆಂಪಾದ.

“ಯಂತ್ರಕ್ಕೆ ಬುದ್ಧಿ ಇದೆ,” ಎಂದಳು ಇಂದು.

“ಬುದ್ಧಿಯಂತೆ!” ಗೌಡರು ಎದ್ದು ನಿಂತರು. ಎದ್ದವರು ಹೊರಡುತ್ತಿದ್ದಾರೆಂದುಕೊಂಡ ಯಂತ್ರ ಮಡಿಲು ತುಂಬಲು ಬಂತು! ರವಿಕೆ ಕಣ, ತೆಂಗಿನಕಾಯಿ, ಎರಡು ಸೇರು ಅಕ್ಕಿ ಅವರ ಪಂಚೆಗೆ ಬಿದ್ದವು. ಬಗ್ಗಿದಾಗ ಮೀಸೆ ಅದರ ಬೆರಳಿನ ಚಕ್ರಕ್ಕೆ ಸಿಕ್ಕಿತು. ಯಂತ್ರ ಅದನ್ನು ಜಡೆ ಎಂದು ತಿಳಿದು ಹೆಣೆಯತೊಡಗಿತು!

“ಆರಿಸ್ರೋ! ಆರಿಸ್ರೋ!”

ಪುಟ್ಟತಾಯಮ್ಮ ಓಡಿಹೋಗಿ ಮೇನ್ ಸ್ವಿಚ್ ಇಳಿಸಿದಳು. ಇಡೀ ಮನೆಯ ಕರೆಂಟು ಹೋಯಿತು. ಯಂತ್ರ ಮಾತ್ರ ಹೆಣೆಯುತ್ತಲೇ ಇತ್ತು.

“ಬೋರಾ!”

“ಅದು... ಮೀಟರಿಗಿಂತ ಮುಂಚೆ, ಕಂಬದಿಂದಲೇ ಕೊಕ್ಕೆ ಹಾಕಿದೀನಿ ಅಕ್ಕ...”

“ನಾನು ದಿನಾ ಊರೋರ ಕೊಕ್ಕೆ ಕೀಳ್ತೀನಿ, ನಮ್ಮನೇಲೇ ಕೊಕ್ಕೆಯಾ ಮಾವ?” ಇಂದು ರೇಷ್ಮೆ ಸೀರೆಯನ್ನು ಕಚ್ಚೆ ಕಟ್ಟಿ, ಸ್ಕೂಟರಿನಿಂದ ಕೈಗವಸು, ಕೋಲು, ಬೆಲ್ಟು ತೆಗೆದುಕೊಂಡು ಓಡಿದಳು. ಮಾದೇಶ ತಟ್ಟೆ ಎಸೆದು ಏಣಿ ಹಿಡಿಯಲು ಹಿಂದೆಯೇ ಓಡಿದ. ಒಳಗೆ ಗೌಡರು ತುದಿಗಾಲಲ್ಲಿ ನಿಂತು ಕೂಗುತ್ತಿದ್ದರು: “ಬೇಗ ಹತ್ತಮ್ಮ! ನಿನ್ನ ಕೆಲಸ ಯಾವನೂ ಬಿಡಿಸಲ್ಲ, ಹತ್ತಮ್ಮ!”

ರೆಮಿಗೆ ಯಂತ್ರ ಅದನ್ನೂ ಇಂಗ್ಲಿಷಿನಲ್ಲಿ, ದೊಡ್ಡ ದನಿಯಲ್ಲಿ ಹೇಳಿತು. ಆಚೀಚೆ ಮನೆಯವರೆಲ್ಲ ಬಾಗಿಲಿಗೆ ಬಂದು ಕೇಳಿಸಿಕೊಂಡರು. ಆಮೇಲೆ ಕೊಕ್ಕೆ ತಪ್ಪಿತು. ಯಂತ್ರ ನಿಟ್ಟುಸಿರಿಟ್ಟು ಕತ್ತು ಚೆಲ್ಲಿತು.

ಮೀಸೆಗೆ ಎರಡು ಪುಟ್ಟ ಜಡೆ, ಕಿವಿಯಲ್ಲಿ ಮಲ್ಲಿಗೆ, ಪಂಚೆಯಲ್ಲಿ ಅಕ್ಕಿ. ಗೌಡರು ಮೆಲ್ಲಗೆ ಕೇಳಿದರು, “ಹಾಗಾದರೆ... ನಮ್ಮ ಹುಡುಗ ನಿಮಗೆ ಒಪ್ಪಿಗೆಯಾ?”

ಕಂಬದಿಂದ ಇಳಿದ ಮಗಳನ್ನೂ ಏಣಿ ಹೊತ್ತು ಬರುತ್ತಿದ್ದ ಮಾದೇಶನನ್ನೂ ಪುಟ್ಟತಾಯಮ್ಮ ಒಮ್ಮೆ ನೋಡಿದಳು.

“ಮನೆಗೆ ಹೋಗಿರಿ ಬೀಗರೇ,” ಎಂದಳು. “ಯೋಚನೆ ಮಾಡಿ ತಿಳಿಸ್ತೀವಿ.”