ಏಳು ನಿಮಿಷದ ರಾಕ್ಷಸ

ನಾನು ಅವಸರದ ಮನುಷ್ಯ. ಹೆಂಡತಿ ಹೇಳುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಅದರಲ್ಲೂ ಅವಸರವೇ. ತಪ್ಪು ಪೂರ್ತಿ ನನ್ನದಲ್ಲ. ಹುಟ್ಟಿದ್ದು ಬನಹಟ್ಟಿಯ ಮಗ್ಗದ ಮನೆಯಲ್ಲಿ. ಅಲ್ಲಿ ಕರೆಂಟು ಬಂತೆಂದರೆ ಉಣ್ಣುವವನು ತುತ್ತು ಬಿಟ್ಟು ಏಳುತ್ತಾನೆ. ಅದು ಹೋಗುವುದರೊಳಗೆ ಆದಷ್ಟು ಸೀರೆ ನೇಯ್ದು ಇಳಿಸಬೇಕು. ನನ್ನ ಮದುವೆ ಮಾತುಕತೆಯನ್ನೂ ನಮ್ಮಪ್ಪ ಒಂದು ಕಪ್ ಚಹಾ ಆರುವುದರೊಳಗೆ ಮುಗಿಸಿದ್ದ. ಆದರೆ ಮುಹೂರ್ತ ಮಾತ್ರ ಆರು ತಿಂಗಳ ಆಚೆ ಹೋಗಿ ಕೂತಿತು.

ಹುಡುಗಿ ಮುಧೋಳದ ಶಶಿಕಲಾ. ನಿಶ್ಚಯವಾದ ಮೇಲೆ ಮದುವೆಯವರೆಗೆ ಮುಖ ನೋಡಕೂಡದೆಂದು ಎರಡೂ ಮನೆಯ ಕಟ್ಟಪ್ಪಣೆ. ಕಂಪ್ಯೂಟರ್ ಕಲಿಯಬಾರದೆಂದು ಮಾತ್ರ ಯಾರೂ ಹೇಳಿರಲಿಲ್ಲ. ಫೋನಿನ ಮೇಲೆ ಇಂಟರ್‌ನೆಟ್ ಆಗತಾನೆ ಬಂದ ಕಾಲ. ನಮ್ಮೂರ ಕಂಪ್ಯೂಟರ್ ಮಾಸ್ತರರಿಗೆ ಮುಧೋಳದಲ್ಲೂ ಒಂದು ಕ್ಲಾಸಿತ್ತು. ಅವಳು ಅಲ್ಲಿ, ನಾನು ಇಲ್ಲಿ ಹೆಸರು ಹಚ್ಚಿದೆವು. ಮಾಸ್ತರರು ಕನಿಕರಪಟ್ಟು ರವಿವಾರ ಅರ್ಧ ತಾಸು ಫೋನಿನ ಮೇಲೆ ಎರಡೂ ಊರಿನ ಕಂಪ್ಯೂಟರ್ ಜೋಡಿಸಿ ನಮಗೊಂದು ಆಟ ಹಚ್ಚಿಕೊಡುತ್ತಿದ್ದರು. ಇಬ್ಬರು ವೀರರು ಸೇರಿ ಒಬ್ಬ ರಾಕ್ಷಸನನ್ನು ಕೊಲ್ಲಬೇಕು. ಒಬ್ಬೊಬ್ಬರಿಗೆ ಹತ್ತು ಅಂಕ. ಕತ್ತಿಯ ವೇಗಕ್ಕಾದರೂ ಹಾಕು, ಕವಚದ ಮಂತ್ರಕ್ಕಾದರೂ ಹಾಕು. ರಾಕ್ಷಸ ಸತ್ತನೆಂದರೆ ಆಟ ಮುಗಿಯಿತು, ಮಾಸ್ತರರು ಫೋನಿನ ವಾಯರು ಕಿತ್ತರು.

ನಾನು ಹತ್ತನ್ನೂ ವೇಗಕ್ಕೆ ಸುರಿದೆ. ನಡುವೆ ಕರೆಂಟು ಹೋದರೆ ಗತಿ ಏನು? ಶಶಿಕಲಾ ಹತ್ತನ್ನೂ ಮಂತ್ರಕ್ಕೆ ಹಾಕಿ, ನನ್ನ ಮೇಲೊಂದು ಕವಚ ಹೊದಿಸಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುತ್ತಿದ್ದಳು: “ಊಟಾ ಆತೇನ್ರಿ?” ನಾನು ಉತ್ತರ ಬಿಟ್ಟು ಕತ್ತಿ ಬೀಸುತ್ತಿದ್ದೆ. ಏಳು ನಿಮಿಷಕ್ಕೆ ರಾಕ್ಷಸ ಹೆಣ. “ಭಾರಿ ಹೊಡದಿ ಬಿಡಲೇ” ಎಂದು ಮಾಸ್ತರರು ಬೆನ್ನು ತಟ್ಟುತ್ತಿದ್ದರು. ಎದೆ ಉಬ್ಬಿಸಿ ಮನೆಗೆ ಬಂದು ರೊಟ್ಟಿ ಮುರಿಯುವಾಗ, ಅಯ್ಯೋ, ಅವಳು ಕೇಳಿದ್ದಕ್ಕೆ ಹೇಳಲೇ ಇಲ್ಲವಲ್ಲ ಎಂದು ನೆನಪಾಗುತ್ತಿತ್ತು. ಆಮೇಲೆ ಮುಂದಿನ ರವಿವಾರದ ತನಕ ಅವಳದೇ ಧ್ಯಾನ. ಮಗ್ಗದ ಮುಂದೆ ನಿಂತರೂ ಅವಳ ಆ ಒಂದು ಸಾಲಿಗೆ ನಾನು ನೂರು ಉತ್ತರ ಕೊಡುತ್ತಿದ್ದೆ.

ಮದುವೆಗೆ ಮುಂಚಿನ ಕೊನೆಯ ರವಿವಾರ ಬುದ್ಧಿ ಬಂತು. ರಾಕ್ಷಸ ಬದುಕಿದ್ದರೆ ತಾನೆ ನಮ್ಮ ಮಾತು! ಹತ್ತೂ ಅಂಕ ಮಂತ್ರಕ್ಕೆ ಹಾಕಿದೆ. ಅವನು ಅರ್ಧ ತಾಸು ಬಡಿಯುತ್ತಿರಲಿ, ನಾವು ಕವಚದೊಳಗೆ ಕೂತು ಹರಟೋಣ. ಹೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡೂ ಹೋಗಿದ್ದೆ. ತಲೆ ತಗ್ಗಿಸಿ ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಮೊದಲ ಎರಡು ಸಾಲು ಕುಟ್ಟಿ, ತಲೆಯೆತ್ತಿ ನೋಡಿದರೆ ರಾಕ್ಷಸ ಅಂಗಾತ ಬಿದ್ದಿದ್ದಾನೆ. ನನ್ನ ಕತ್ತಿ ಒರೆಯಲ್ಲೇ ಇದೆ. ಈ ಸಲ ಹತ್ತೂ ಅಂಕ ವೇಗಕ್ಕೆ ಹಾಕಿ ಹೊಡೆದವಳು ಶಶಿಕಲಾ, ಅದೂ ನನ್ನ ಏಳು ನಿಮಿಷಕ್ಕಿಂತ ಒಂದು ನಿಮಿಷ ಮೊದಲೇ. ಮಾಸ್ತರರು ವಾಯರು ಕಿತ್ತರು.

ಮದುವೆಯಾದ ಮೂರನೆಯ ದಿನ ಕೇಳಿದೆ, “ಅವತ್ತ ಯಾಕ ಹಂಗ ಮಾಡಿದಿ?”

ಹಂಚಿನ ಮೇಲಿನ ರೊಟ್ಟಿ ತಿರುವುತ್ತ ಅವಳು ಮೆಲ್ಲಗೆ ಹೇಳಿದಳು: “ಪ್ರತೀ ವಾರ ಲಗೂನ ಮುಗಿಸಿ ಹೋಗತಿದ್ರಿ. ನನ್ನ ಜೋಡಿ ಮಾತಾಡಾಕ ನಿಮಗ ಬ್ಯಾಸರ ಅಂತ ತಿಳದಿದ್ನಿರಿ. ಕಡೀ ದಿನಾರ ನಿಮಗ ಬೇಕಾದಂಗ ಆಗಲಿ ಅಂತ ನಾನಽ ಮುಗಿಸಿದೆ. ಖರೆ ಹೇಳಬೇಕಂದ್ರ, ನನಗ...”

ಆರು ತಿಂಗಳು ನಿನ್ನ ಮಾತಿಗಾಗಿಯೇ ಹಂಬಲಿಸಿದೆ ಎಂದು ಹೇಳಬೇಕು, ಈಗಲೇ ಹೇಳಬೇಕು. “ಹಂಗಲ್ಲ, ಮೊದಲ ನಾ ಹೇಳೂದು ಕೇಳ” ಎಂದು ಶುರು ಮಾಡಿಯೇಬಿಟ್ಟೆ.

ಅವಳು ಇನ್ನೊಂದು ರೊಟ್ಟಿ ಹಂಚಿಗೆ ಹಾಕಿದಳು. ನಾನು ಎಲ್ಲವನ್ನೂ ಹೇಳಿದೆ. ಆ “ನನಗ” ಆದ ಮೇಲೆ ಅವಳಿಗೆ ಏನು ಹೇಳುವುದಿತ್ತೆಂದು ಇವತ್ತಿನ ತನಕ ಅವಳನ್ನು ಕೇಳುತ್ತಲೇ ಇದ್ದೇನೆ.